ರಮ್ಮಿನ ಕಾಯಿಹಾಲು

ಒತ್ತು ಶ್ಯಾವಿಗೆಗೆ ಕಾಯಿಹಾಲು ಮಾಡುವುದರಲ್ಲಿ ನಿಡಘಟ್ಟದಲ್ಲಿ ಮೋಹಿನಿಯನ್ನು ಮೀರಿಸುವವರಿಲ್ಲ ಎಂದು ಅವಳ ಅತ್ತೆ ಅಂಕಮ್ಮನೇ ಒಪ್ಪಿಕೊಂಡಿದ್ದಳು. ಇಪ್ಪತ್ತಮೂರು ವರ್ಷದಲ್ಲಿ ಸೊಸೆಯ ಬಗ್ಗೆ ಆ ಮುದುಕಿಯ ಬಾಯಿಂದ ಬಂದ ಒಳ್ಳೆಯ ಮಾತು ಅದೊಂದೇ. ಕೊನೆಗೆ ಆ ಕಾಯಿಹಾಲೇ ಮನೆಯಲ್ಲಿ ಜಗಳ ತಂದಿಟ್ಟಿತು.

ಡಿಸೆಂಬರಿನ ಮೊದಲ ಮಂಗಳವಾರ. ಮೋಹಿನಿ ಸರ್ಕಾರಿ ಶಾಲೆಯಲ್ಲಿ ನೂರಾ ಹತ್ತು ಮಕ್ಕಳಿಗೆ ಬಿಸಿಯೂಟ ಬೇಯಿಸಿ, ಬಡಿಸಿ, ಸಾರಿನ ಹಂಡೆ ಉಜ್ಜಿಟ್ಟು ಮೂರೂವರೆಗೆ ಮನೆಗೆ ಬಂದಳು. ಒಂದು ಗಳಿಗೆ ಕಾಲು ಚಾಚಿ ಕೂರೋಣವೆಂದರೆ ಅಡುಗೆಮನೆಯಲ್ಲಿ ಮಗ ನಾಗರಾಜು ನಾಲ್ಕು ತೆಂಗಿನಕಾಯಿ ಒಡೆದಿಟ್ಟುಕೊಂಡು ಕಾಯುತ್ತಿದ್ದ. ಪಕ್ಕದಲ್ಲಿ ಹೆಚ್ಚಿದ ಅನಾನಸು, ನಿಂಬೆಹಣ್ಣು, ಒಂದು ಡಬ್ಬಿ ತುಂಬ ಐಸು. ಅವನಿಗೆ ವಾರದ ರಜೆ ಮಂಗಳವಾರ. ಹಲಗೂರು ದಾಟಿ ಮುತ್ತತ್ತಿಗೆ ಹೋಗುವ ದಾರಿಯಲ್ಲಿರುವ ರೆಸಾರ್ಟೊಂದರಲ್ಲಿ ಅವನು ಆರು ತಿಂಗಳಿಂದ ಕೆಲಸ ಕಲಿಯುತ್ತಿದ್ದ. ನೆಂಟರಿಗೆಲ್ಲ ‘ಹೋಟೆಲ್ ಕೆಲಸ’ ಎಂದು ಹೇಳಿದ್ದರು. ಹೋಟೆಲಿನ ಯಾವ ಮೂಲೆಯಲ್ಲಿ ಎಂದು ಅವರೂ ಕೇಳಿರಲಿಲ್ಲ, ಇವರೂ ಬಾಯಿ ಬಿಟ್ಟಿರಲಿಲ್ಲ.

“ಅಮ್ಮ, ಕಾಯಿಹಾಲು ತೆಗುದ್ಕೊಡು. ಗಟ್ಟಿ ಹಾಲು.”

“ಇವತ್ಯಾಕ್ಲಾ ಸ್ಯಾವಿಗೆ? ಅಕ್ಕೀನೇ ನೆನೆಹಾಕಿಲ್ಲ.”

“ಸ್ಯಾವಿಗೆಗಲ್ಲ ಕಣಮ್ಮ.” ನಾಗರಾಜು ಹಿತ್ತಿಲ ಕಡೆ ನೋಡಿ ದನಿ ತಗ್ಗಿಸಿದ. “ಹೊಸವರ್ಷಕ್ಕೆ ನಮ್ಮ ರೆಸಾರ್ಟಲ್ಲಿ ತೆಂಗಿನಕಾಯಿ ಕಾಕ್‌ಟೇಲ್ ಇಡ್ತಾರೆ. ಕಾಯಿಹಾಲು, ಅನಾನಸು, ರಮ್ಮು. ಕಲಿಯೋಕೆ ಅಂತ ಮೂರು ಜನ ಇದ್ದೀವಲ್ಲ, ಯಾರು ಮಾಡಿದ್ದು ಒಪ್ಗೆ ಆಯ್ತದೋ ಅವನನ್ನ ಪರ್ಮನೆಂಟ್ ಮಾಡ್ತಾರಂತೆ. ಮಿಕ್ಕೋರು ಜನವರಿಗೆ ಮನೆಗೆ.”

ಮೋಹಿನಿ ಬಲಗೈಯನ್ನು ಮಗನ ಮುಖದ ಮುಂದೆ ಹಿಡಿದಳು. “ಹತ್ತೊಂಬತ್ತು ವರ್ಸ ನಿಮ್ಮಪ್ಪನ ಬಾಟ್ಲಿ ಎತ್ತೆತ್ತಿ ತಿಪ್ಪೆಗೆ ಎಸ್ದ ಕೈ ಕಣ್ಲಾ ಇದು. ಇದೇ ಕೈಲಿ ರಮ್ಮಿಗೆ ಕಾಯಿ ತುರಿ ಅಂತೀಯಾ?”

“ನಾನೇನ್ ಕುಡೀತೀನಾ? ಮಾಡಿ ಕೊಡೋದು ಅಷ್ಟೆ.”

“ಮಾಡಿ ಕೊಡೋರು ಇದ್ದಿದ್ಕೇ ಕಣ್ಲಾ ನಿಮ್ಮಪ್ಪ ಕುಡುದಿದ್ದು.”

ನಾಗರಾಜು ತುರಿಯುವ ಮಣೆಯ ಮೇಲೆ ತಾನೇ ಕೂತು, ಮೊದಲ ಹೋಳಿಗೇ ಬೆರಳು ಕುಯ್ದುಕೊಂಡ. ಮೋಹಿನಿ ಬಾಯಿಗೆ ಬಂದದ್ದನ್ನೆಲ್ಲ ಬೈಯುತ್ತಲೇ ಬೆರಳಿಗೆ ಅರಿಸಿನ ಮೆತ್ತಿದಳು, ಅವನನ್ನು ಎಬ್ಬಿಸಿದಳು, ಮಣೆಯ ಮೇಲೆ ತಾನು ಕೂತಳು.

ಅವಳ ಭಯ ಸುಮ್ಮನೆ ಬಂದದ್ದಲ್ಲ. ಗಂಡ ಚಲುವರಾಜು ಕುಡಿತ ಬಿಟ್ಟು ನಾಲ್ಕು ವರ್ಷವಾಗಿತ್ತು. ಬಿಟ್ಟದ್ದೂ ಯಾರ ಬುದ್ಧಿಮಾತಿಗಲ್ಲ. ಮದ್ದೂರಿನ ಎಳನೀರು ಮಾರುಕಟ್ಟೆಯಲ್ಲಿ ಲಾರಿಗೆ ಲೋಡು ತುಂಬುವಾಗ ಕುಡಿದ ಅಮಲಿನಲ್ಲಿ ಮೇಲಿಂದ ಬಿದ್ದು ಸೊಂಟ ಮುರಿದುಕೊಂಡು ಎರಡು ತಿಂಗಳು ಹಾಸಿಗೆ ಹಿಡಿದಿದ್ದ. ಎದ್ದು ಓಡಾಡುವ ಹಾಗಾದದ್ದೇ ಒಬ್ಬನೇ ಮುತ್ತತ್ತಿಗೆ ಹೋಗಿ, ಮುಡಿ ಕೊಟ್ಟು, ಹೊಳೆಯಲ್ಲಿ ಮುಳುಗಿ, ಆಂಜನೇಯನ ಮುಂದೆ ಆಣೆ ಇಟ್ಟು ಬಂದ. ಬೋಳುತಲೆಯಲ್ಲಿ ಬಾಗಿಲಿಗೆ ಬಂದ ಮಗನನ್ನು ಕಂಡು ಅಂಕಮ್ಮ, “ಯಾರ್ ಸತ್ತೋದ್ರಪ್ಪಾ?” ಎಂದು ಬಾಯಿ ಬಡಿದುಕೊಂಡಿದ್ದಳು. ಅವತ್ತಿನಿಂದ ಮೋಹಿನಿಗೆ ಸಂಜೆ ಆರಾದರೆ ರಸ್ತೆ ಕಾಯುವ ಕೆಲಸ ತಪ್ಪಿತು. ಚಲುವರಾಜು ಎರಡು ಹಸು ಕಟ್ಟಿದ, ಡೇರಿಗೆ ಹಾಲು ಹಾಕಿದ, ಮೂವತ್ತು ಗುಂಟೆ ತೋಟಕ್ಕೆ ನೀರು ಕಟ್ಟಿದ. ಮನೆಯೆಂಬುದು ಮನೆಯ ಹಾಗಿತ್ತು.

ನಾಗರಾಜುವಿನ ಕಥೆ ಇನ್ನೊಂದು ಬಗೆ. ಹದಿನಾಲ್ಕು ವರ್ಷದವನಿದ್ದಾಗ, ಮದ್ದೂರಿನ ಬ್ರಾಂದಿ ಅಂಗಡಿಯ ಮುಂದೆ ಬಿದ್ದಿದ್ದ ಅಪ್ಪನನ್ನು ಗೂಡ್ಸ್ ಆಟೋದಲ್ಲಿ ಎಳನೀರ ಗೊನೆಗಳ ನಡುವೆ ಮಲಗಿಸಿಕೊಂಡು ತಂದವನು ಅವನು. ತಾನು ಒಂದು ತೊಟ್ಟೂ ನಾಲಿಗೆಗೆ ಇಡುವುದಿಲ್ಲ ಎಂದು ಅವತ್ತೇ ಗಟ್ಟಿ ಮಾಡಿಕೊಂಡಿದ್ದ. ಅಂಥವನಿಗೆ ಸಿಕ್ಕ ಕೆಲಸ ಬಾರಿನಲ್ಲಿ! ಅಳತೆಯ ಲೋಟದಲ್ಲಿ ಅಳೆದು, ಹೇಳಿಕೊಟ್ಟ ಹಾಗೆ ಕಲಸಿ ಕೊಡುತ್ತಿದ್ದ, ಅಷ್ಟೆ. “ನಿನ್ನ ಡ್ರಿಂಕಲ್ಲಿ ಅಳತೆ ಇದೆ, ರುಚಿ ಇಲ್ಲ” ಎಂದು ಅಲ್ಲಿಯ ಹಿರಿಯ ಬಾರ್ಟೆಂಡರು ಎಲ್ಲರೆದುರು ಗೇಲಿ ಮಾಡುತ್ತಿದ್ದನಂತೆ.

ಮೊದಲ ವಾರದ್ದು ಕೆಟ್ಟಿತು. ನಾಗರಾಜು ರೆಸಾರ್ಟಿನಿಂದ ತಂದಿದ್ದ ಬಾಟಲಿಯ ರಮ್ಮು ಬೆರೆಸಿ ಐಸು ಹಾಕಿದ್ದೇ ತಡ, ಕಾಯಿಹಾಲಿನ ಜಿಡ್ಡು ಗಟ್ಟಿಯಾಗಿ ಬಿಳೀ ಚಕ್ಕೆಗಳು ಮೇಲೆ ತೇಲಿದವು. ಬಟ್ಟೆ ಒಗೆದ ಸೋಪಿನ ನೀರಿನ ಹಾಗೆ ಕಾಣುತ್ತಿತ್ತು. ಕೆಟ್ಟರೆ ಕೆಡಲಿ, ರುಚಿಯಾದರೂ ಹೇಗಿದೆ ಎಂದು ಹೇಳುವವರು ಬೇಕಲ್ಲ. ಜಗಲಿಯಲ್ಲಿದ್ದ ಅಂಕಮ್ಮ ಕೋಲೂರಿಕೊಂಡು ಒಳಗೆ ಬಂದಳು.

“ತತ್ತಾ ಇಲ್ಲಿ. ನಾಟಿ ಕಾಲ್ದಲ್ಲಿ ಸೇರ್ಗಟ್ಲೆ ಎಂಡ ಕುಡುದೋಳು ನಾನು. ನಂಗ್ ಗೊತ್ತಾಗಕಿಲ್ವಾ?”

“ಅಜ್ಜಿ, ನಿಂಗೆ ಶುಗರ್ರು ಮುನ್ನೂರ ಇಪ್ಪತ್ತು ಇದೆ,” ಎಂದಳು ಮೊಮ್ಮಗಳು ಅರ್ಪಿತ. ಅವಳು ಮದ್ದೂರಿನಲ್ಲಿ ಎರಡನೇ ಪಿಯುಸಿ. ಮನೆಯವರೆಲ್ಲರ ಔಷಧಿ ಚೀಟಿ ಅವಳ ಸುಪರ್ದಿಯಲ್ಲಿತ್ತು.

“ಒಂದ್ ಚಮಚಕ್ಕೆ ಸಾಯಕಿಲ್ಲ ಬುಡಮ್ಮಿ.” ಅಂಕಮ್ಮ ಒಂದು ಚಮಚ ಬಾಯಿಗೆ ಹಾಕಿಕೊಂಡು, ಹಲ್ಲಿಲ್ಲದ ವಸಡಿನಲ್ಲಿ ಅತ್ತಿತ್ತ ಆಡಿಸಿ ನುಂಗಿದಳು. “ಸಪ್ಪೆ. ಉಪ್ಪಿಲ್ಲ, ಕಾರ ಇಲ್ಲ. ಇದುನ್ನ ದುಡ್ ಕೊಟ್ಟು ಕುಡೀತಾರೇನ್ಲಾ?”

ಅಂಕಮ್ಮನಿಗೆ ಐದು ವರ್ಷದಿಂದ ಪಾಯಸವೂ ಸಪ್ಪೆ, ಉಪ್ಪಿನಕಾಯಿಯೂ ಸಪ್ಪೆ. ನಾಗರಾಜು ಅಮ್ಮನ ಕಡೆ ತಿರುಗಿದ. “ಎಡೆಗೆ ಇಡೋ ಅಡ್ಗೇನ ನೀನು ನಾಲ್ಗೆಗೆ ಇಡ್ದೆ ಮಾಡ್ತೀಯಲ್ಲ. ಅಂಗೇ ಮೂಸಿ ಯೋಳು.”

ಅದು ನಿಜ. ಹಿರಿಯರಿಗೆ ಎಡೆ ಇಡುವವರೆಗೂ ಆ ಮನೆಯಲ್ಲಿ ಅಡುಗೆಯ ರುಚಿ ನೋಡುವ ಹಾಗಿಲ್ಲ. ಮಹಾಲಯ ಅಮಾವಾಸ್ಯೆಯಲ್ಲಿ ಹನ್ನೊಂದು ಬಗೆಯ ಅಡುಗೆಗೆ ಮೋಹಿನಿ ಆವಿಯನ್ನು ಮೂಸಿಯೇ ಉಪ್ಪು ಹೇಳುತ್ತಿದ್ದಳು. ಅವಳು ಲೋಟವನ್ನು ಮೂಗಿನ ಹತ್ತಿರ ತಂದಳು. ಕಾಯಿ, ಅನಾನಸು ಯಾವುದೂ ತಿಳಿಯಲಿಲ್ಲ. ರಮ್ಮಿನ ವಾಸನೆ ಒಂದೇ ಬಂತು. ಲೋಟ ಕೆಳಗಿಟ್ಟಳು.

“ನನ್ ಕೈಲಾಗಕಿಲ್ಲ ಕಣಪ್ಪ. ಕೈ ಮುಗೀತೀನಿ.”

ಆ ದಿನ ಚಲುವರಾಜು ಅಡುಗೆಮನೆ ಕಡೆ ಸುಳಿಯಲಿಲ್ಲ. ಹಸು ಒದೆಯುತ್ತೆ, ನೋಡಿಕೊಳ್ಳಬೇಕು ಎಂಬ ನೆಪ ಹೇಳಿ ಮುದ್ದೆಯನ್ನು ಕೊಟ್ಟಿಗೆಗೇ ತರಿಸಿಕೊಂಡು ಉಂಡ. ಹುಟ್ಟಿದಾಗಿನಿಂದ ಆ ಹಸು ಒಬ್ಬರಿಗೂ ಒದ್ದಿರಲಿಲ್ಲ.

ಎರಡನೆಯ ಮಂಗಳವಾರ ಅವನೇ ಬಂದ. ಹೊಸಲಿನ ಆಚೆ ನಿಂತ, ಕೈಯಲ್ಲಿ ಮೂರು ಎಳನೀರು, ಕಂಕುಳಲ್ಲಿ ಮಚ್ಚು.

“ಬಲ್ತ್ ಕಾಯಲ್ಲಿ ಎಣ್ಣೆ ಜಾಸ್ತಿ ಕಣ್ಲಾ. ಐಸಿಗೆ ಗಟ್ಟಿ ಆಗ್ದೆ ಇನ್ನೇನಾದದು? ತೆಳು ಗಂಜಿದು ತಂದಿವ್ನಿ, ಗಂಜಿ ರುಬ್ಬು. ಕಾಯಿಹಾಲು ಎರಡನೇ ಸಲ ಇಂಡಿದ್ದು ವಸಿ ಸೇರ್ಸು, ಸಾಕು.”

“ನಿಮ್ಗೆ ಯಾರ್ ಯೋಳುದ್ರು ಇದ್ನೆಲ್ಲ?” ಎಂದ ನಾಗರಾಜು.

“ಇಪ್ಪತ್ತು ವರ್ಸ ಎಳ್ನೀರು ಒತ್ತಿಲ್ವಾ?”

ಅಪ್ಪ ಕೆತ್ತಿ ಕೊಟ್ಟ, ಮಗ ಎಳನೀರೊಳಗಿನ ಮೆತ್ತನೆ ಗಂಜಿ ಬಾಚಿದ, ಅರ್ಪಿತ ಮಿಕ್ಸಿ ತಿರುಗಿಸಿದಳು. ಮೋಹಿನಿ ಹಳೆಯ ಪಂಚೆಯ ತುಂಡಿನಲ್ಲಿ ಶೋಧಿಸಿದಳು. ಬೆಣ್ಣೆಯಷ್ಟು ನುಣುಪಾಗಿ ಬಂತು, ಐಸು ಹಾಕಿದರೂ ಒಡೆಯಲಿಲ್ಲ. ನಾಗರಾಜು ಕುಣಿಯುವುದೊಂದು ಬಾಕಿ. ತಂದೆ ಮಗ ಒಂದು ಕೆಲಸಕ್ಕೆ ಜೊತೆಯಾಗಿ ಕೈ ಹಾಕಿದ್ದನ್ನು ಮೋಹಿನಿ ನೋಡಿದ್ದು ಅದೇ ಮೊದಲು. ಅವಳಿಗೆ ಸಂತೋಷವಾಯಿತು, ಅದರ ಬೆನ್ನಿಗೇ ಹೆದರಿಕೆಯೂ ಆಯಿತು.

ಆ ಖುಷಿಯಲ್ಲಿ ನಾಗರಾಜು ರಮ್ಮಿನ ಬಾಟಲಿಯನ್ನು ಮನೆಯಲ್ಲೇ ಮರೆತು ಹೋದ. ಬುಧವಾರ ಬೆಳಿಗ್ಗೆ ಫೋನ್ ಮಾಡಿದ. “ಚೆಲ್ಬುಟ್ಟೀಯ ಮತ್ತೆ! ರೆಸಾರ್ಟಿಂದು ಅದು, ನಾನು ವಾಪಸ್ ತೋರುಸ್ಬೇಕು. ಮುಂದಿನ್ ಮಂಗಳವಾರದ ಗಂಟ ಎಲ್ಲಾದ್ರೂ ಇಟ್ಟಿರು.”

ಎಲ್ಲಿಡುವುದು? ಪಕ್ಕದ ಮನೆಗೆ ಕೊಡುವ ವಸ್ತುವೇ ಅದು? ಮೋಹಿನಿ ಅದನ್ನು ಉಪ್ಪಿನಕಾಯಿ ಭರಣಿಯ ಹಿಂದೆ ತಳ್ಳಿದಳು. ತಳ್ಳುವ ಮೊದಲು, ರಮ್ಮು ಎಲ್ಲಿಯವರೆಗೆ ಇತ್ತೋ ಅಲ್ಲಿಗೆ ಒಂದು ಕರಿದಾರ ಸುತ್ತಿ ಗಂಟು ಹಾಕಿದಳು. ಗುರುವಾರ ನೋಡಿದರೆ ದಾರದ ಪಕ್ಕದಲ್ಲಿ ಕುಂಕುಮದ ಬೊಟ್ಟು. ಶುಕ್ರವಾರ ಅದರ ಪಕ್ಕ ನೀಲಿ ಪೆನ್ನಿನ ಗೆರೆ. ಯಾರೂ ಯಾರಿಗೂ ಏನೂ ಹೇಳಲಿಲ್ಲ. ಮೂರೂ ಒಂದೇ ಮಟ್ಟದಲ್ಲಿದ್ದವು.

ಭಾನುವಾರ ಮಧ್ಯಾಹ್ನ ಉಪ್ಪಿನಕಾಯಿಗೆಂದು ಕೈ ಹಾಕಿದ ಚಲುವರಾಜುವಿಗೆ ಬಾಟಲಿ ಸಿಕ್ಕಿತು. ಅವನು ಅದನ್ನು ತಂದು ನಡುಮನೆಯಲ್ಲಿ, ಉಣ್ಣುತ್ತಿದ್ದವರ ಮಧ್ಯೆ ಇಟ್ಟ.

“ಮೂರು ಗುರ್ತು ಅದೆ. ಯಾರ್ಯಾರ್ದು?”

ಅರ್ಪಿತ ತಟ್ಟೆ ನೋಡುತ್ತ ಅಳತೊಡಗಿದಳು. ಮೋಹಿನಿ ಎತ್ತಿದ ತುತ್ತನ್ನು ತಟ್ಟೆಗೆ ಇಳಿಸಿದಳು.

ಅಂಕಮ್ಮ ಮಾತ್ರ ಜಗ್ಗಲಿಲ್ಲ. “ಕುಂಕುಮದ್ದು ನಂದು. ಅದ್ಕೇನೀಗ? ಎತ್ತೋಳು ನಾನು. ನಂಬೋದು ಬುಡೋದು ನನ್ನಿಷ್ಟ.”

“ಸರಿಯಾಗೇ ಅದೆ ನೋಡ್ಕೊಳವ್ವ. ಇಳ್ದಿಲ್ಲ,” ಎಂದ ಚಲುವರಾಜು. ಬಾಟಲಿಯನ್ನು ತಾನೇ ತೆಗೆದುಕೊಂಡು ಹೋಗಿ ಭರಣಿಯ ಹಿಂದೆ ಇಟ್ಟು, ಅರ್ಧ ಊಟಕ್ಕೇ ಕೈ ತೊಳೆದು ತೋಟಕ್ಕೆ ಹೊರಟುಹೋದ.

ತಪ್ಪಾಯಿತು ಎಂದು ಹೇಳಬೇಕೆಂದು ಮೋಹಿನಿ ಸಂಜೆಯವರೆಗೂ ಅಂದುಕೊಂಡಳು. ಹೇಳಲಿಲ್ಲ. ದೀಪ ಹಚ್ಚಿದ ಮೇಲೆ ಅಡುಗೆಮನೆಗೆ ಹೋದವಳು ಭರಣಿ ಸರಿಸಿ ದಾರದ ಮಟ್ಟವನ್ನು ಮತ್ತೊಮ್ಮೆ ನೋಡಿದಳು. ಆಮೇಲೆ ತನ್ನ ಬಗ್ಗೆ ತನಗೇ ಹೇಸಿಗೆಯಾಯಿತು.

ಮೂರನೆಯ ಮಂಗಳವಾರವೇ ಕೊನೆಯದು. ಗುರುವಾರ ರೆಸಾರ್ಟಿನವರು ಮೂವರ ಡ್ರಿಂಕನ್ನೂ ಕುಡಿದು ತೀರ್ಮಾನ ಮಾಡುವವರಿದ್ದರು. ಮೋಹಿನಿ ಶಾಲೆಯಿಂದ ಬರುವಷ್ಟರಲ್ಲಿ ನಾಗರಾಜು ಎರಡು ಸ್ಟೀಲ್ ಲೋಟ ಮುಂದಿಟ್ಟುಕೊಂಡು ತಲೆ ಮೇಲೆ ಕೈ ಹೊತ್ತು ಕೂತಿದ್ದ. ಕಣ್ಣ ಕೆಳಗೆ ಕಪ್ಪು ಬಿದ್ದಿತ್ತು.

“ಎರಡು ಅಳತೇಲಿ ಮಾಡಿವ್ನಿ ಅಮ್ಮ. ಯಾವ್ದು ಸರಿ ಅಂತ ಗೊತ್ತಾಯ್ತಿಲ್ಲ. ಹಿಂದುಗಡೆ ಮನೆ ಪುಟ್ಟರಾಜು ಮಾವನ್ನ ಕರೀಲಾ?”

“ಅವುನ್ನ ಕರುದ್ರೆ ಸಂಜೆ ಒತ್ಗೆ ಊರೆಲ್ಲ ಡಂಗುರ. ಚಲುವರಾಜು ಮನೇಲಿ ಮತ್ತೆ ಸುರುವಾಯ್ತು ಅಂತಾರೆ.”

“ಮತ್ತೆ ನಾನೇನ್ ಮಾಡ್ಲಿ?”

“ತತ್ತಾ ಇಲ್ಲಿ,” ಎಂಬ ದನಿ ಬಂತು.

ಚಲುವರಾಜು ಹೊಸಲು ದಾಟಿ ಒಳಗೆ ಬಂದು ನಿಂತಿದ್ದ. “ಒಂದು ತೊಟ್ಟು. ನಾಲ್ಗೆ ಮೇಲಿಟ್ಕೊಂಡು ಯೋಳ್ತೀನಿ, ಉಗುದ್ಬುಡ್ತೀನಿ. ಈ ಮನೇಲಿ ರಮ್ಮಿನ ರುಚಿ ಗೊತ್ತಿರೋನು ನಾನೊಬ್ನೇ ತಾನೆ?”

ಅರ್ಪಿತ ಮಿಕ್ಸಿ ನಿಲ್ಲಿಸಿದಳು. ನಾಗರಾಜು ಅಪ್ಪನನ್ನು ನೋಡಿದ, ಲೋಟ ನೋಡಿದ, ಅಮ್ಮನನ್ನು ನೋಡಿದ. “ಅಮ್ಮ… ಒಂದು ತೊಟ್ಟು ಅಲ್ವಾ…”

“ಏನಂದೆ?”

“ಉಗುದ್ಬುಡ್ತೀನಿ ಅಂತವ್ರಲ್ಲ…”

“ದೇವ್ರ ಮುಂದೆ ಆಣೆ ಇಟ್ಟವ್ರೆ ಕಣೋ! ನಿನ್ನ ಕೆಲ್ಸಕ್ಕೆ ಅಪ್ಪನ್ನ ಬಲಿ ಕೊಡ್ತೀಯಾ?”

“ಮಗನ್ ಕ್ಯಾಮೆಗೆ ಅಂದ್ರೆ ದೇವ್ರು ಒಪ್ತಾನೆ ಬುಡು,” ಎಂದು ಬಾಗಿಲಿಂದ ಅಂಕಮ್ಮ ರಾಗ ಎಳೆದಳು.

“ಅತ್ತೆ, ನೀವು ಬಾಯಿ ಮುಚ್ಕೊಂಡು ಕೂತ್ಕೊಳ್ಳಿ!”

ಇಪ್ಪತ್ತಮೂರು ವರ್ಷದಲ್ಲಿ ಸೊಸೆಯ ಬಾಯಿಂದ ಅಂಥ ಮಾತು ಕೇಳಿರದ ಅಂಕಮ್ಮ ನಿಜವಾಗಿಯೂ ಕೂತುಬಿಟ್ಟಳು.

ಚಲುವರಾಜು ಕೂಗಾಡಲಿಲ್ಲ. “ನನ್ ಮಗಂಗೆ ಉಟ್ಟಿದಾಗ್ಲಿಂದ ನಾನೇನ್ ಮಾಡಿವ್ನಿ ಮೋಹಿನಿ? ಇದೊಂದ್ ಮಾಡ್ತೀನಿ, ಬುಡು.” ಹಾಗೆನ್ನುತ್ತ ಕೈ ಚಾಚಿದ. ಬೆರಳುಗಳು ಸಣ್ಣಗೆ ನಡುಗುತ್ತಿದ್ದವು. ಮಗನಿಗೆ ಅದು ಕಾಣಲಿಲ್ಲ. ಮೋಹಿನಿಗೆ ಕಂಡಿತು.

ಅವಳು ನಾಗರಾಜುವಿನ ಕೈಯಿಂದ ಲೋಟ ಕಿತ್ತುಕೊಂಡು ಬಾಯಿಗಿಟ್ಟಳು. ಚಪ್ಪರಿಸಲಿಲ್ಲ, ಉಗಿಯಲಿಲ್ಲ, ಅರ್ಧ ಲೋಟ ಕುಡಿದೇ ಕುಡಿದಳು. ಅದನ್ನಿಟ್ಟು ಎರಡನೆಯದನ್ನೂ ಎತ್ತಿ ಅರ್ಧ ಕುಡಿದಳು.

ಮೊದಲು ತಣ್ಣಗೆ ಕಾಯಿ ಬಂತು, ಆಮೇಲೆ ಅನಾನಸಿನ ಹುಳಿಸಿಹಿ, ಕೊನೆಗೆ ಗಂಟಲಲ್ಲಿ ಬೆಚ್ಚಗೆ ಇಳಿಯುವ ಇನ್ನೊಂದು. ಚೆನ್ನಾಗಿತ್ತು. ಚೆನ್ನಾಗಿದೆಯಲ್ಲ ಎಂದೇ ಅವಳಿಗೆ ತಡೆಯಲಾರದ ಸಿಟ್ಟು ಬಂತು. ತನ್ನ ಹತ್ತೊಂಬತ್ತು ವರ್ಷ ತಿಂದುಹಾಕಿದ್ದು ವಿಷದ ಹಾಗಿರಬೇಕಿತ್ತು, ಬೇವಿನ ಕಷಾಯದಷ್ಟಾದರೂ ಕಹಿಯಾಗಿರಬೇಕಿತ್ತು. ಇಷ್ಟು ಹಿತವಾಗಿರುವುದಕ್ಕೆ ಅದಕ್ಕೇನು ಹಕ್ಕಿತ್ತು?

“ಎರಡ್ನೇದ್ರಲ್ಲಿ ರಮ್ಮು ಜಾಸ್ತಿ, ಕಾಯಿ ರುಚಿನೇ ಸತ್ತೋಗದೆ,” ಎಂದಳು, ಶಾಲೆಯ ಸಾರಿನ ಬಗ್ಗೆ ಹೇಳುವ ದನಿಯಲ್ಲಿ. “ಮೊದುಲ್ನೇದು ಇರ್ಲಿ. ನಿಂಬೆಹಣ್ಣು ಅರ್ಧ ಕಮ್ಮಿ ಮಾಡು. ಒಂದು ಚಿಟ್ಕೆ ಉಪ್ಪಾಕು, ಸಿಹಿ ಎದ್ದು ಬತ್ತದೆ. ಏಲಕ್ಕಿ ಒಂದೇ ಒಂದು ಕುಟ್ಟಾಕು.”

ನಾಗರಾಜು ಮತ್ತೆ ಕಲಸಿದ. ಅವಳು ಮತ್ತೆ ಕುಡಿದಳು. “ಈಗ ಸರಿ. ಬರ್ಕೊ.” ಅವನು ಬರೆದುಕೊಂಡ. “ಬಾಟ್ಲಿ, ಐಸು ಡಬ್ಬಿ, ಎಲ್ಲ ಎತ್ಕೊಂಡು ಓಗು. ಇನ್ನೊಂದ್ ದಪ ಇದು ಈ ಹೊಸ್ಲು ದಾಟ್ಬಾರ್ದು.”

“ಆಯ್ತಮ್ಮ,” ಎಂದ ಅವನು. ಅಪ್ಪನ ಮುಖ ನೋಡುವ ಧೈರ್ಯ ಸಾಲದೆ ಗಾಡಿ ಹತ್ತಿ ಹೋದ.

ಗುರುವಾರ ಅವನದೇ ಒಪ್ಪಿಗೆಯಾಯಿತು, ಕೆಲಸವೂ ಕಾಯಂ ಆಯಿತು. ಇದನ್ನು ಇಲ್ಲೇ ಹೇಳಿ ಮುಗಿಸುವುದು ಒಳ್ಳೆಯದು. ಓದುವವರಿಗೆ ಅದರ ಚಿಂತೆ ಇದ್ದೇ ಇರುತ್ತದೆ. ಆದರೆ ಆ ಮಂಗಳವಾರ ಇನ್ನೂ ಮುಗಿದಿರಲಿಲ್ಲ.

ಏಳೂವರೆಗೆ ಮೋಹಿನಿ ಮುದ್ದೆ ಕಟ್ಟಿದಳು. ತಲೆ ಹಗುರವಾಗಿ, ಕಾಲು ತನ್ನದಲ್ಲದ ಹಾಗೆ ಇತ್ತು. ಮೂರು ಮುದ್ದೆ ಒಂದೊಂದು ಗಾತ್ರಕ್ಕೆ ಬಂದವು. “ಅಮ್ಮ, ನೀನು ಕೂತ್ಕೊ, ನಾನು ಬಡುಸ್ತೀನಿ,” ಎಂದು ಅರ್ಪಿತ ಹೇಳಿದರೂ ಕೇಳಲಿಲ್ಲ. ಅಂಕಮ್ಮ ಮುನಿಸಿಕೊಂಡು ಆಗಲೇ ಮಲಗಿದ್ದಳು. ಅರ್ಪಿತ ಉಂಡು ಓದಲು ಎದ್ದು ಹೋದಳು. ಮೋಹಿನಿ ಗಂಡನಿಗೆ ಹುರುಳಿಕಾಳು ಸಾರು ಬಿಟ್ಟು, ತನ್ನ ತಟ್ಟೆ ತಂದು ಅವನ ಪಕ್ಕದಲ್ಲಿ ಕೂತಳು.

ಚಲುವರಾಜು ಮುದ್ದೆ ಮುರಿದ. ಬಾಯಿಗೆ ಹಾಕಲಿಲ್ಲ. ಅವನ ಮುಖ ಅವಳ ಕಡೆಗೆ ವಾಲಿತು, ಮರುಗಳಿಗೆಯೇ ಗೋಡೆಯ ಕಡೆಗೆ ತಿರುಗಿತು.

“ಯಾಕ್ರೀ, ಸಾರು ಚೆನ್ನಾಗಿಲ್ವಾ?”

“ಮೋಹಿನಿ, ವಸಿ ದೂರ ಕುಂತ್ಕೊ.”

ಹೆಂಡತಿ ಕುಡಿದಳೆಂದು ಗಂಡಸಿನ ಕೋಪ ಎಂದುಕೊಂಡಳು ಅವಳು. ಇಷ್ಟು ವರ್ಷ ನುಂಗಿದ್ದೆಲ್ಲ ಒಂದೇ ಸಲಕ್ಕೆ ಮೇಲೆ ಬಂತು. “ಯಾಕೆ, ನಾತ ಬತ್ತದಾ? ಹತ್ತೊಂಬತ್ತು ವರ್ಸ ಇದೇ ನಾತದ ಪಕ್ಕ ನಾನು ಮಲಗಿಲ್ವಾ? ಒಂದಿನಕ್ಕೆ…”

ಮಾತು ಅಲ್ಲೇ ನಿಂತಿತು. ಅವನ ಮುಷ್ಟಿಯೊಳಗೆ ಮುದ್ದೆ ಹಿಸುಕಿಹೋಗಿ ಬೆರಳ ಸಂದಿಯಿಂದ ಈಚೆಗೆ ಬರುತ್ತಿತ್ತು.

“ನಾತ ಅಲ್ಲ,” ಎಂದ ಅವನು ಗೋಡೆಗೆ. “ನಾತ ಆಗಿದ್ರೆ ಸಂದಾಗಿತ್ತು.”

ಮೋಹಿನಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಸೆರಗಿನ ಹಿಂದಿನಿಂದಲೇ ಕೇಳಿದಳು. “ಇನ್ನೂ ಬೇಕು ಅನ್ನುಸ್ತದಾ?”

“ಊಂ.”

“ಯಾವಾಗ್ಲಾದ್ರೂನಾ?”

“ದಿನಾ.”

ಮುಡಿ ಕೊಟ್ಟು ಬಂದ ದಿನವೇ ಎಲ್ಲ ಮುಗಿಯಿತು ಎಂದು ನಾಲ್ಕು ವರ್ಷ ಅವಳು ನಂಬಿದ್ದಳು. ಅವನು ಮಾತ್ರ ಪ್ರತಿದಿನ, ಹಾಲು ಕರೆಯುವಾಗ, ನೀರು ಕಟ್ಟುವಾಗ, ಡೇರಿಯ ಮುಂದೆ ಕ್ಯಾನು ಹಿಡಿದು ನಿಂತಾಗ, ಒಬ್ಬನೇ ಅದನ್ನು ತಡೆದುಕೊಂಡು ಬರುತ್ತಿದ್ದ.

“ನಂಗೆ ಒಂದ್ ಮಾತು ಯೋಳ್ಬಾರ್ದಾಗಿತ್ತಾ?”

“ಬೆಳಗಿನ್ ಜಾವ ಎಚ್ರಾಯ್ತದೆ. ಅವಾಗ್ಲೇ ಜಾಸ್ತಿ. ಯೋಳಾನ ಅಂತ ತಿರುಗಿ ನೋಡ್ತೀನಿ, ನೀನು ನಿದ್ದೆ ಮಾಡ್ತಿರ್ತೀಯ. ಮದ್ವೆ ಆದಾಗ್ಲಿಂದ ನೀನು ಅಂಗೆ ನಿದ್ದೆ ಮಾಡಿದ್ದು ನಾನು ಕಂಡೇ ಇರ್ಲಿಲ್ಲ. ಎಬ್ಬುಸಕ್ಕೆ ಮನಸು ಬರಾಕಿಲ್ಲ.”

ಮೋಹಿನಿ ತಟ್ಟೆ ಎತ್ತಿಕೊಂಡು ಎದ್ದಳು. ಬಚ್ಚಲಿಗೆ ಹೋಗಿ ಉಪ್ಪಿನಲ್ಲಿ ಹಲ್ಲುಜ್ಜಿ ನಾಲ್ಕು ಸಲ ಬಾಯಿ ಮುಕ್ಕಳಿಸಿದಳು. ವಾಪಸು ಬಂದು ಬಾಗಿಲ ಹತ್ತಿರ, ಅವನಿಂದ ಆದಷ್ಟು ದೂರದಲ್ಲಿ ಗೋಡೆಗೆ ಒರಗಿ ಕೂತಳು. ಅವನು ಕೈಯಲ್ಲಿ ಹಿಸುಕಿದ್ದ ಮುದ್ದೆಯನ್ನೇ ಮತ್ತೆ ಉಂಡೆ ಮಾಡಿ ಸಾರಿನಲ್ಲಿ ಅದ್ದಿ ನುಂಗಿದ. ಇನ್ನೊಂದು ತುತ್ತು. ಇನ್ನೊಂದು. ಅವನು ತಟ್ಟೆ ಖಾಲಿ ಮಾಡುವವರೆಗೂ ಅವಳು ಅಲ್ಲಿಂದಲೇ ನೋಡುತ್ತಿದ್ದಳು.

“ನಾಳೆಯಿಂದ ಎಬ್ಬುಸಿ,” ಎಂದಳು.